ಹಡಗಿನ ಪಂಕ್ತಿ

ಹೋದ ವಾರ ನಮ್ಮ ಯಜಮಾನರ ಅಕ್ಕನ ಮೊಮ್ಮಗಳ ಆರತಕ್ಷತೆ ಇತ್ತು. ರಿಂಗ್ ರಸ್ತೆಯ ಕಡೆ ಹೊಸದಾಗಿ ಎದ್ದಿರುವ ಹೋಟೆಲೊಂದರಲ್ಲಿ ಊಟ. ದುಂಡು ಮೇಜು, ಪ್ರತಿ ತಟ್ಟೆಯ ಮೇಲೂ ಬೀಸಣಿಗೆಯ ಹಾಗೆ ಮಡಿಸಿ ನಿಲ್ಲಿಸಿದ ಬಿಳಿ ಬಟ್ಟೆ. ಅದನ್ನು ಬಿಡಿಸಿ ತೊಡೆಯ ಮೇಲೆ ಹಾಸಿಕೊಳ್ಳುವಾಗ ಗಂಜಿ ಹಾಕಿ ಇಸ್ತ್ರಿ ಮಾಡಿದ ವಾಸನೆ ಮೂಗಿಗೆ ಬಡಿಯಿತು ನೋಡಿ... ಕೂತಲ್ಲೇ ಎಲ್ಲಿಗೋ ಹೋಗಿಬಿಟ್ಟೆ. ನಮ್ಮ ಎದುರುಮನೆ ಅಮ್ಮ ಕಣ್ಣಮುಂದೆ ಬಂದು ನಿಂತರು.

ಯಾದವಗಿರಿಯಲ್ಲಿ ನಮ್ಮ ಗೇಟಿಗೆ ಅವರ ಗೇಟು ನೇರ ಎದುರು. ಹಣೆಯ ಮೇಲೆ ಮೂರು ಬೆರಳಗಲದ ವಿಭೂತಿ, ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಪೂಜೆಯಾಗದೆ ತೊಟ್ಟು ನೀರು ಬಾಯಿಗೆ ಬಿಡದವರು. ಯಜಮಾನರು ತೀರಿಕೊಂಡ ಮೇಲೆ ಅಗ್ರಹಾರದ ಕೂಡುಮನೆ ಬಿಟ್ಟು ಮಗಳು ಅಳಿಯನ ಜತೆ ಇಲ್ಲಿಗೆ ಬಂದಿದ್ದರು. ನನಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವರಾದರೂ ನನಗೆ ಅವರೇ ಗೆಳತಿ. ಬಾಯಿ ಮಾತ್ರ ಹರಿತ. ನನ್ನ ಬಾಯೇನು ಕಡಿಮೆಯಿತ್ತೇ? ಈಡಿಗೆ ಈಡು, ಜೋಡಿಗೆ ಜೋಡು. ಬೆಳಿಗ್ಗೆ ಜಗಳವಾಡಿದರೆ ಸಂಜೆಗೆ ಅವರ ಮನೆಯಿಂದ ತಂಬಿಟ್ಟು ಬರುತ್ತಿತ್ತು.

ತೊಂಬತ್ತರ ದಶಕದ ನಡುವಿನಲ್ಲಿ ಅವರ ಮೈದುನನ ಮಗಳ ಮದುವೆಯಾಯಿತು. ನನ್ನನ್ನೂ ಕರೆದುಕೊಂಡು ಹೋದರು. ವಾರದಿಂದ ಆ ಮನೆಯಲ್ಲಿ ಸೆರಗು ಸಿಕ್ಕಿಸಿ ದುಡಿದ ಜೀವ ಅದು. ಎಲ್ಲರಿಗೂ ಬಡಿಸಿ, ಉಪಚಾರ ಮಾಡಿ, ಕೊನೆಗೆ ನನ್ನ ಪಕ್ಕದ ಎಲೆಗೆ ಕೂತರು. ಅನ್ನಕ್ಕೆ ತುಪ್ಪ ಹಾಕಿಸಿಕೊಂಡು ಕಲಸಿ, ಇನ್ನೇನು ತುತ್ತು ಎತ್ತಬೇಕು, ಅವರ ಓರಗಿತ್ತಿ ಏದುಸಿರು ಬಿಡುತ್ತಾ ಓಡಿಬಂದರು. ಮೈದುನನ ಹೆಂಡತಿ, ಮದುಮಗಳ ತಾಯಿ. ತುಮಕೂರಿನಿಂದ ಬೀಗರ ಕಡೆಯವರು ತಡವಾಗಿ ಬಂದಿಳಿದಿದ್ದರು, ಜಾಗ ಇರಲಿಲ್ಲ.

“ಅಕ್ಕಾ, ಒಂಚೂರು ಏಳಿ. ಬೀಗರು ನಿಂತ್ಬುಟ್ಟವ್ರೆ. ನೀವು ಮುಂದಿನ ಪಂಕ್ತೀಲಿ ಕೂತ್ಕೊಂಡ್ರಾಯ್ತು.”

ಕಲಸಿದ ಅನ್ನ ಎಲೆಯ ಮೇಲಿತ್ತು. ಅವರಲ್ಲಿ ಅನ್ನವೆಂದರೆ ಪ್ರಸಾದ, ಎಲೆಯಲ್ಲಿ ಒಂದು ಅಗುಳು ಬಿಡುವ ಹಾಗಿಲ್ಲ. ಎದುರುಮನೆ ಅಮ್ಮ ಎಲೆಯನ್ನು ನೋಡಿದರು, ಓರಗಿತ್ತಿಯನ್ನು ನೋಡಿದರು, ಎದ್ದರು. ನನ್ನನ್ನು ಯಾರೂ ಏಳಿ ಎನ್ನಲಿಲ್ಲ, ನಾನು ಹೊರಗಿನವಳಲ್ಲವೇ. ನಾನೂ ಎದ್ದೆ. ಕೈ ತೊಳೆಯದೆ ಅವರು ಛತ್ರದ ಬಾಗಿಲು ದಾಟಿ ಟಾಂಗಾ ಹತ್ತಿದರು. ದಾರಿಯಲ್ಲಿ ಒಂದೇ ಮಾತು. “ಗಂಡ ಇಲ್ದೋಳು ಅಂತ ಎಬ್ಬಿಸಿದ್ಲು ಕಣೆ. ನಮ್ಮೋರಲ್ಲಿ ಅದೆಲ್ಲ ಇಲ್ಲ ಅಂತ ಮಠದಲ್ಲಿ ಹೇಳ್ತಾರೆ. ಬರೀ ಬಾಯಿಮಾತು.”

ಹಾಗಿರಲಾರದು, ಗಡಿಬಿಡಿಯಲ್ಲಿ ಆದದ್ದು ಎಂದು ನಾನು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವತ್ತಿನಿಂದ ಅಗ್ರಹಾರದ ಆ ಮನೆಯ ಹೊಸಿಲು ತುಳಿಯಲಿಲ್ಲ. ಓರಗಿತ್ತಿ ಎರಡು ಮೂರು ಸಲ ಬಂದು ಗೇಟಿನ ಹತ್ತಿರ ನಿಂತು ಹೋದದ್ದನ್ನು ನಾನೇ ನೋಡಿದ್ದೇನೆ. ಇವರು ಬಾಗಿಲು ತೆಗೆಯಲಿಲ್ಲ.

ವರ್ಷಗಳು ಉರುಳಿದವು. ಎರಡು ಸಾವಿರದ ಇಸವಿ ದಾಟಿದ ಮೇಲೆ ಮೈಸೂರಿಗೆ ಸಿಂಗಪುರದ ಹುಚ್ಚು ಹಿಡಿಯಿತು. ಯಾರ ಮನೆಗೆ ಹೋದರೂ ಅದೇ ಮಾತು, ಅದೇ ಆಲ್ಬಂ. ನಮ್ಮ ಬೀದಿಯ ನಾಲ್ವರು ಹೆಂಗಸರೂ ಹೊರಟೆವು. ಎದುರುಮನೆ ಅಮ್ಮ ಮೊದಲು ಗೊಣಗಿದರು, ಆಮೇಲೆ ಎಲ್ಲರಿಗಿಂತ ಮುಂಚೆ ಪೆಟ್ಟಿಗೆ ಕಟ್ಟಿದರು. ಸಿಂಗಪುರದಲ್ಲಿ ದೊಡ್ಡ ಹಡಗು ಹತ್ತಿ, ಸಮುದ್ರದಲ್ಲಿ ಕೆಲವು ದಿನ ಸುತ್ತಿ, ಮತ್ತೆ ಸಿಂಗಪುರದಲ್ಲೇ ಇಳಿಯುವುದು. “ಹೊರಟಲ್ಲಿಗೇ ಬಂದು ಇಳಿಯೋಕೆ ಹಡಗು ಯಾಕ್ರೀ?” ಎಂದು ನಮ್ಮ ಯಜಮಾನರು ಮೇಟಗಳ್ಳಿಯ ಫ್ಯಾಕ್ಟರಿಯಿಂದ ಬಂದವರು ಸೈಕಲ್ಲು ನಿಲ್ಲಿಸುವುದಕ್ಕೆ ಮುಂಚೆಯೇ ಕಿಚಾಯಿಸಿದರು.

ಟೂರಿನವನು ಮನೆಗೇ ಬಂದು ವಿವರಿಸಿದ. ಹಡಗಿನಲ್ಲಿ ರಾತ್ರಿಯೂಟಕ್ಕೆ ಎರಡು ಪದ್ಧತಿಯಂತೆ. ಒಂದು ಫಿಕ್ಸೆಡ್. ದಿನವೂ ಅದೇ ಹೊತ್ತು, ಅದೇ ಮೇಜು, ಅದೇ ಕುರ್ಚಿ, ಅಕ್ಕಪಕ್ಕದಲ್ಲಿ ಅದೇ ಜನ, ಬಡಿಸುವವನೂ ಅವನೇ. ಇನ್ನೊಂದು ಓಪನ್. ಮೇಲಿನ ಮಹಡಿಯ ಹಾಲಿನಲ್ಲಿ, ಮನಸ್ಸು ಬಂದಾಗ ಹೋಗಿ, ಜಾಗ ಸಿಕ್ಕಲ್ಲಿ ಕೂತು ತಿನ್ನುವುದು. ನನಗೆ ಓಪನ್ನೇ ಇಷ್ಟವಾಯಿತು. ದರ್ಶಿನಿಯ ಹಾಗೆ, ಯಾರ ಹಂಗೂ ಇಲ್ಲ.

ಎದುರುಮನೆ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. “ಕೂತ ಜಾಗದಿಂದ ಯಾರೂ ಎಬ್ಬಿಸಲ್ಲ ತಾನೆ?”

“ಫಿಕ್ಸೆಡ್ ಅಂದ್ಮೇಲೆ ಆ ಕುರ್ಚಿ ನಿಮ್ದೇ ಕಣಮ್ಮ. ಕ್ಯಾಪ್ಟನ್ ಬಂದ್ರೂ ಎಬ್ಬಿಸೋ ಹಾಗಿಲ್ಲ.”

“ಹಂಗಾದ್ರೆ ಅದೇ ಇರ್ಲಿ,” ಎಂದುಬಿಟ್ಟರು. ಎಲ್ಲರಿಗೂ ಅದೇ ಆಯಿತು. ಅವರ ಮುಂದೆ ನಮ್ಮ ಬೇಳೆ ಎಲ್ಲಿ ಬೇಯಬೇಕು.

ಹಡಗು ಹತ್ತಿದ ಮೊದಲ ಸಂಜೆ. ಗಾಜಿನಾಚೆ ಸಮುದ್ರದ ಮೇಲೆ ಇನ್ನೂ ಬಿಸಿಲಿತ್ತು. ಬಡಿಸುವವನು ಗೋವಾದ ಕಡೆಯ ವಯಸ್ಸಾದ ಮನುಷ್ಯ. ಕುರ್ಚಿ ಎಳೆದು ಕೂರಿಸಿದ, ಬೀಸಣಿಗೆಯ ಹಾಗಿದ್ದ ಬಟ್ಟೆ ಬಿಡಿಸಿ ತೊಡೆಯ ಮೇಲೆ ಹಾಸಿದ. ಎದುರುಮನೆ ಅಮ್ಮನಿಗೆ ಖುಷಿಯೋ ಖುಷಿ, ಪಟ್ಟಕ್ಕೆ ಕೂತ ಹಾಗೆ ನೆಟ್ಟಗೆ ಕೂತಿದ್ದರು. ಆರು ಕುರ್ಚಿಯ ಮೇಜು, ಎರಡು ಖಾಲಿಯಿದ್ದವು. ಸ್ವಲ್ಪ ಹೊತ್ತಿಗೆ ಟೂರಿನವನು ಹಲ್ಲು ಬಿಡುತ್ತಾ ಇಬ್ಬರನ್ನು ಕರೆದುಕೊಂಡು ಬಂದ. ಓರಗಿತ್ತಿ, ಜತೆಗೆ ಅವರ ಯಜಮಾನರು.

“ಇವ್ರು ಮಲೇಷ್ಯಾ ನೋಡ್ಕೊಂಡು ಬಂದ ನಮ್ಮ ಇನ್ನೊಂದು ತಂಡ. ಒಂದೇ ಮನೆತನದ ಹೆಸ್ರು ನೋಡಿ ನಾನೇ ಹೇಳಿ ಒಂದೇ ಟೇಬಲ್ಲಿಗೆ ಹಾಕಿಸ್ದೆ ಕಣಮ್ಮ. ಖುಷಿ ಆಯ್ತು ತಾನೆ?”

ಅವನ ಖುಷಿಗೆ ಬೆಂಕಿ ಬೀಳ! ಓರಗಿತ್ತಿ ನೇರ ಎದುರು ಕುರ್ಚಿಯಲ್ಲಿ ಕೂತರು, ಬೇರೆ ಜಾಗವೇ ಇರಲಿಲ್ಲ. ಬಿಸಿ ಬ್ರೆಡ್ಡು ಬಂತು, ಸೂಪು ಬಂತು, ಅನ್ನ ಬೇಳೆ ಬಂತು. ಎದುರುಮನೆ ಅಮ್ಮ ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡು ಗಾಜಿನಾಚೆ ನೋಡುತ್ತಾ ಕೂತುಬಿಟ್ಟರು. ಏಳಲಿಲ್ಲ, ತಿನ್ನಲೂ ಇಲ್ಲ. ಆ ಮನೆತನದಲ್ಲಿ ಒಂದು ರೂಢಿ. ಪಂಕ್ತಿಯಲ್ಲಿ ಹಿರಿಯರು ಕೈ ಇಡದೆ ಕಿರಿಯರು ಮುಟ್ಟುವ ಹಾಗಿಲ್ಲ. ಹಿರಿಯ ಓರಗಿತ್ತಿ ಮುಟ್ಟಲಿಲ್ಲ, ಕಿರಿಯ ಓರಗಿತ್ತಿಯೂ ಮುಟ್ಟಲಿಲ್ಲ. ಅವರಿಬ್ಬರೂ ಹಾಗೆ ಕೂತಿರುವಾಗ ನಮ್ಮ ಗಂಟಲಲ್ಲಿ ಇಳಿಯುವುದು ಹೇಗೆ? ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ, ಹಾಗಾಯಿತು ನಮ್ಮ ಪಾಡು. ಬಡಿಸುವವನು ಅಡುಗೆ ಕೆಟ್ಟಿದೆಯೇನೋ ಎಂದು ಹೆದರಿ ತಟ್ಟೆ ಬದಲಿಸಿದ, ಕೈ ಮುಗಿದ, ಹಿಂದಿಯಲ್ಲಿ ಏನೇನೋ ಕೇಳಿದ. ನನಗೆ ಅಳು ಬರುವುದೊಂದು ಬಾಕಿ.

ಕೋಣೆಗೆ ಬಂದ ಮೇಲೆ ಅವರು ಮನೆಯಿಂದ ತಂದ ಚಕ್ಕುಲಿ ಮುರಿದುಕೊಂಡು ತಿಂದರು. ನಾಳೆಯಿಂದ ಮೇಲಿನ ಹಾಲಿಗೆ ಹೋಗೋಣ ಎಂದೆ.

“ನಾನ್ಯಾಕೆ ಏಳ್ಲಿ? ಒಂದ್ಸಲ ಎದ್ದಿದ್ದು ಸಾಲ್ದೇನೆ? ಬೇಕಾದ್ರೆ ಅವ್ಳು ಏಳ್ಲಿ.”

ಮಾರನೆಯ ಸಂಜೆಯೂ ಅದೇ ಮೇಜು, ಅದೇ ಕುರ್ಚಿ, ಅದೇ ಮುಖಗಳು. ಎದುರುಮನೆ ಅಮ್ಮನ ಕೈ ಮತ್ತೆ ಮಡಿಲು ಸೇರಿತು. ಆದರೆ ಅವತ್ತು ಓರಗಿತ್ತಿಯ ಮುಖದಲ್ಲಿ ಏನೋ ಸರಿಯಿರಲಿಲ್ಲ. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿಯುತ್ತಿತ್ತು. ಎಸಿ ಹಾಲಿನಲ್ಲಿ ಬೆವರು! ಮೇಜಿನ ಅಂಚು ಹಿಡಿದ ಬೆರಳುಗಳು ನಡುಗಿ ಚಮಚ ತಟ್ಟೆಗೆ ತಾಕಿ ಸಣ್ಣಗೆ ಸದ್ದಾಗುತ್ತಿತ್ತು. ಅವರ ಯಜಮಾನರು ಬ್ರೆಡ್ಡು ಮುರಿದು ಕೊಟ್ಟರೆ ತಲೆಯಾಡಿಸಿ ದೂರ ಸರಿಸಿದರು.

ಯಜಮಾನರು ಕೊನೆಗೆ ಬಾಯಿ ಬಿಟ್ಟರು. “ಅತ್ತಿಗೆ, ಇವ್ಳಿಗೆ ಸಕ್ರೆ ಕಾಯ್ಲೆ. ಊಟದ ಮಾತ್ರೆ ಆಗ್ಲೇ ನುಂಗವ್ಳೆ, ಹೊಟ್ಟೆಗೆ ಏನೂ ಬೀಳ್ದಿದ್ರೆ ಸಕ್ರೆ ಇಳ್ದು ತಲೆ ತಿರುಗಿ ಬೀಳ್ತಾಳೆ. ನಿನ್ನೆ ಹೆಂಗೋ ಪಾರಾದ್ಲು. ನೀವು ಮುಟ್ದೆ ಇವ್ಳು ಮುಟ್ಟಲ್ಲ. ನಿಮ್ಮ ಕಾಲಿಗೆ ಬೀಳ್ತೀನಿ, ಒಂದು ತುತ್ತು ಬಾಯಿಗೆ ಹಾಕ್ಕೊಳಿ.”

ಎದುರುಮನೆ ಅಮ್ಮ ಅಲುಗಾಡಲಿಲ್ಲ. ಒಂದು ನಿಮಿಷವೋ ಎರಡು ನಿಮಿಷವೋ... ನನಗಂತೂ ಯುಗವಾಯಿತು. ಮನಸ್ಸಿನಲ್ಲಿ ಇಬ್ಬರಿಗೂ ಹಿಡಿ ಶಾಪ ಹಾಕಿದೆ. ಮೇಜಿನ ಕೆಳಗೆ ಅವರ ತೊಡೆ ಚಿವುಟಿದೆ. ಆಗ ಅವರು ಬ್ರೆಡ್ಡಿನ ಒಂದು ಚೂರು ಮುರಿದು, ಯಾರ ಮುಖವನ್ನೂ ನೋಡದೆ, ಬಾಯಿಗೆ ಹಾಕಿಕೊಂಡರು. ಓರಗಿತ್ತಿ ಗಬಗಬನೆ ತಿಂದರು. ತಿನ್ನುತ್ತಾ ಕಣ್ಣಿಂದ ನೀರು ಇಳಿಯುತ್ತಿತ್ತು. ಎದುರುಮನೆ ಅಮ್ಮ ಎರಡನೇ ಚೂರು ಮುರಿಯಲಿಲ್ಲ.

ಮೂರನೆಯ ಸಂಜೆ ಎದುರಿನ ಎರಡೂ ಕುರ್ಚಿ ಖಾಲಿ. ಬಡಿಸುವವನನ್ನು ಕೇಳಿದೆ. ಅವರು ಹೇಳಿ ಓಪನ್‌ಗೆ ಬದಲಾಯಿಸಿಕೊಂಡರು, ಮೇಲಿನ ಹಾಲಿಗೆ ಹೋದರು ಎಂದ. ಅಬ್ಬಾ, ಪೀಡೆ ಕಳೆಯಿತು ಎಂದು ಅನ್ನಕ್ಕೆ ಕೈ ಹಾಕಿದೆ. ಎದುರುಮನೆ ಅಮ್ಮನೂ ಅನ್ನ ಬೇಳೆ ಕಲಸಿದರು. ಕಲಸಿದರು, ಕಲಸುತ್ತಲೇ ಇದ್ದರು.

“ಮಾತ್ರೆ ತಗೊಂಡಿರ್ತಾಳೇನೆ?”

“ತಗೊಂಡಿರ್ತಾರೆ. ತಿಂತಾರೆ ಬುಡಿ, ಅವ್ರೇನು ಮಗೂನೆ?”

“ಇಲ್ಲ ಕಣೆ. ಈ ಹಡಗಿನಲ್ಲಿ ನಾನಿದ್ದೀನಿ ಅಂತ ಅವ್ಳಿಗೆ ಗೊತ್ತು. ನಾನು ತಿಂದ್ನೋ ಇಲ್ವೋ ಗೊತ್ತಾಗ್ದೆ ಅವ್ಳು ಹೆಂಗೆ ಮುಟ್ತಾಳೆ? ನಿನಗೆ ಅವ್ಳ ಹಟ ಗೊತ್ತಿಲ್ಲ.”

ಹೇಳುತ್ತಲೇ ಎದ್ದರು. ಯಾರೂ ಎಬ್ಬಿಸದೆ, ಕಲಸಿದ ಅನ್ನ ತಟ್ಟೆಯಲ್ಲೇ ಬಿಟ್ಟು, ತಾವಾಗಿ ಎದ್ದರು. ಮಂಡಿನೋವಿನ ಹೆಂಗಸು, ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿದರು. ನಾನು ಎಂಜಲು ಕೈಯಲ್ಲೇ ಹಿಂದೆ ಓಡಿದೆ. ಅವರು ಉಸಿರುಗಟ್ಟಿ ಕಂಬಿ ಹಿಡಿದು ನಿಂತಾಗ ನಿಲ್ಲುವುದು, ಮತ್ತೆ ಹತ್ತುವುದು. ಮೇಲಿನ ಹಾಲೋ, ದಸರೆ ಜಂಬೂಸವಾರಿಯ ಜನ! ತಟ್ಟೆ ಹಿಡಿದು ಜಾಗ ಹುಡುಕುವವರು, ಮಕ್ಕಳ ಕೂಗು, ಯಾವ ಯಾವ ದೇಶದ ಭಾಷೆಯೋ. ಎಲ್ಲೂ ಕಾಣಿಸಲಿಲ್ಲ. ಎದುರುಮನೆ ಅಮ್ಮ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಆಮೇಲೆ ಉಗುರಿನ ಗುರುತು ಉಳಿದಿತ್ತು. “ಎಲ್ಲಿ ಬಿದ್ಲೋ, ಎಲ್ಲಿ ಬಿದ್ಲೋ,” ಎನ್ನುತ್ತಾ ಮೇಜು ಮೇಜಿಗೂ ಬಗ್ಗಿ ನೋಡಿದರು.

ಕಂಡರು. ಕಂಬದ ಮರೆಯ ಮೇಜಿನಲ್ಲಿ, ಗುರುತಿಲ್ಲದ ನಾಲ್ಕು ಜನರ ನಡುವೆ. ಯಜಮಾನರು ಪಕ್ಕದಲ್ಲಿ ಬಗ್ಗಿ ಬೇಡಿಕೊಳ್ಳುತ್ತಿದ್ದರು. ಓರಗಿತ್ತಿಯ ಮುಂದೆ ಅನ್ನದ ತಟ್ಟೆ ಮುಟ್ಟದೆ ಹಾಗೇ ಇತ್ತು. ಅವರ ಹಣೆಯ ಮೇಲೆ ನಿನ್ನೆಯದೇ ಬೆವರು. ಅಕ್ಕನನ್ನು ಕಂಡದ್ದೇ ತಡ, ಮೇಜಿನ ಮೇಲೆ ಕೈ ಊರಿ ಏಳಲು ಹೋದರು. “ಬನ್ನಿ ಅಕ್ಕಾ, ಇಲ್ಲಿ ಕೂತ್ಕೊಳಿ...”

ಎದುರುಮನೆ ಅಮ್ಮ ಅವರ ಎರಡೂ ಭುಜ ಹಿಡಿದು ಕುರ್ಚಿಗೆ ಒತ್ತಿದರು. “ಕೂತ್ಕೊಳೆ. ಊಟಕ್ಕೆ ಕೂತೋರು ಏಳಬಾರ್ದು.”

ನಿಂತಲ್ಲಿಂದಲೇ ಬಗ್ಗಿ, ಅವರ ತಟ್ಟೆಯಿಂದ ಒಂದು ತುತ್ತು ತೆಗೆದು ಬಾಯಿಗೆ ಹಾಕಿಕೊಂಡರು. “ನೋಡು, ನಾನು ತಿಂದೆ. ಈಗ ನೀನು ತಿನ್ನು.”

ಓರಗಿತ್ತಿ ತುತ್ತು ಎತ್ತುತ್ತಾ ಹೇಳಿದರು, “ಮನೆಯೋರು ಅಂತ ಎಬ್ಬಿಸ್ದೆ ಅಕ್ಕಾ. ಶಿವನಾಣೆ, ಬೇರೆ ಏನೂ ಮನಸಲ್ಲಿರ್ಲಿಲ್ಲ. ಎಷ್ಟೊರ್ಷ ಆಯ್ತು, ಹೇಳೋಕೆ ಬಾಗ್ಲೇ ತೆಗೀಲಿಲ್ಲ ನೀವು.” ಎದುರುಮನೆ ಅಮ್ಮ ನೀರಿನ ಲೋಟವನ್ನು ಅವರ ಕೈ ಹತ್ತಿರ ಸರಿಸಿದರು. ಅವರ ಊಟ ಮುಗಿಯುವವರೆಗೂ, ತಟ್ಟೆ ಹಿಡಿದವರು ಹಾಯುತ್ತಾ ಬಯ್ಯುತ್ತಿದ್ದರೂ, ಆ ಕುರ್ಚಿಯ ಹಿಂದೆ ನಿಂತೇ ಇದ್ದರು.

ಅದಾದ ಮೇಲೆ ಕೆಲವು ವರ್ಷ ಚೆನ್ನಾಗಿತ್ತು. ಸೋಮವಾರವೆಂದರೆ ಒಬ್ಬರು ಇನ್ನೊಬ್ಬರ ಮನೆಯಲ್ಲಿ. ಆಮೇಲೆ ಎದುರುಮನೆ ಅಮ್ಮ ಹೋಗಿಬಿಟ್ಟರು. ಸಣ್ಣ ಜ್ವರ, ಮಲಗಿದವರು ಏಳಲಿಲ್ಲ... ಅದನ್ನು ಈಗ ಬರೆಯಲು ಕೈ ಬರುವುದಿಲ್ಲ.

ಶಿವಗಣಾರಾಧನೆ ಅಗ್ರಹಾರದ ಮನೆಯಲ್ಲೇ ಆಯಿತು. ಜಂಗಮರ ಪ್ರಸಾದವಾದ ಮೇಲೆ ಮನೆಯವರ ಪಂಕ್ತಿ. ಮೊದಲ ಎಲೆ ಓರಗಿತ್ತಿಯದು, ಎರಡನೆಯದು ನನ್ನದು. ಎಲ್ಲ ಬಡಿಸಿಯಾಯಿತು. ಯಾರೂ ಕೈ ಇಡಲಿಲ್ಲ, ಎಲ್ಲರೂ ಓರಗಿತ್ತಿಯನ್ನು ನೋಡುತ್ತಿದ್ದರು. ಈಗ ಆ ಮನೆಯ ಹೆಂಗಸರಲ್ಲಿ ಅವರೇ ಹಿರಿಯರು. ಅವರು ಮಡಿಲಲ್ಲಿ ಕೈ ಇಟ್ಟುಕೊಂಡು ಸುಮ್ಮನೆ ಕೂತಿದ್ದರು. ತುಪ್ಪ ಗಟ್ಟಿಯಾಗತೊಡಗಿತು. ಯಾರೋ ಸಣ್ಣಗೆ ಕೆಮ್ಮಿದರು. ನಾನು ಮೊಣಕೈ ಮುಟ್ಟಿ, “ಮಾತ್ರೆ ತಗೊಂಡಿದ್ದೀರಲ್ಲ, ಕೈ ಇಡಿ,” ಎಂದೆ.

ಅವರು ನನ್ನ ಕಡೆ ತಿರುಗಿ ಹೇಳಿದರು, “ಅಕ್ಕ ಇನ್ನೂ ಮುಟ್ಟಿಲ್ವಲ್ಲ ಕಣಮ್ಮ.”

ಹೇಳಿದ ಮೇಲೆ ಅವರಿಗೇ ತಿಳಿಯಿತು. ಆ ಮುಖ ನಾನು ಮರೆಯಲಾರೆ.

ಈಗ ಅವರೂ ಇಲ್ಲ. ಹೋದ ವಾರದ ಆ ದುಂಡು ಮೇಜಿನಲ್ಲಿ ಎಲ್ಲರಿಗಿಂತ ಹಿರಿಯಳು ನಾನೇ ಆಗಿದ್ದೆ. ಮಕ್ಕಳೆಲ್ಲ ಅವರವರ ಪಾಡಿಗೆ ತಿನ್ನಲು ಶುರುಮಾಡಿದರು, ತಪ್ಪೇನಿಲ್ಲ, ಹಸಿದಿದ್ದರು. ನಾನು ಕೈ ಇಡದೆ ಕೂತಿದ್ದನ್ನು ಯಾರೂ ಗಮನಿಸಲಿಲ್ಲ. ನನಗೆ ಎದುರುಮನೆ ಅಮ್ಮ ಬೇಕೆನಿಸಿತು, ಬಯ್ಯುವುದಕ್ಕಾದರೂ ಒಂದು ಸಲ ಬರಬಾರದೇ ಎನ್ನಿಸಿತು.