ಹದಿನೆಂಟು ಕಚೇರಿಗಳ ಪ್ರಶ್ನೆ

ಪುಟ್ಟೀ, ಮರೀ, ನಿನ್ನೆ ಸಂಜೆ ನೀವಿಬ್ಬರೂ ಪ್ರಶ್ನೆಪತ್ರಿಕೆ ಹಿಡಿದುಕೊಂಡು ಜಗಲಿಯ ಮೇಲೆ ಜಗಳವಾಡುತ್ತಿದ್ದಾಗ ನಾನು ಒಳಗೆ ಕುಳಿತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದೆ. ಎಲ್ಲ ಕೇಳಿಸಿತು. ಚರಿತ್ರೆ ಹಾಳಾಯಿತು ಎಂದು ಪುಟ್ಟಿ ಅತ್ತದ್ದು, ಅದಕ್ಕೆ ಮರಿ ನಕ್ಕದ್ದು, ಆಮೇಲೆ ಅವನೇ ಹೆದರಿ ನೀರು ತಂದುಕೊಟ್ಟದ್ದು. ಎದ್ದು ಬಂದು ಏನಾದರೂ ಹೇಳಬೇಕೆನ್ನಿಸಿತು. ಆದರೆ ಎದುರಿಗೆ ನಿಂತು ಹೇಳುವುದು ನನಗೆ ಸುಲಭವಲ್ಲ, ನಿಮಗೇ ಗೊತ್ತು. ಬೆಳಗ್ಗೆ ಎಲ್ಲರೂ ಹೊರಟ ಮೇಲೆ ಇದನ್ನು ಬರೆಯುತ್ತಿದ್ದೇನೆ.

ನಾನೂ ಒಂದು ಚರಿತ್ರೆ ಪರೀಕ್ಷೆ ಬರೆದು ಹೀಗೆ ಕುಳಿತಿದ್ದೆ. ಮೈಸೂರಿನಲ್ಲಿ ಮಹಾರಾಜರು ಆಳುತ್ತಿದ್ದ ಕಾಲ. ನನಗೆ ಇಪ್ಪತ್ತು ವರ್ಷ. ನಿಮ್ಮ ತಾತ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಎರಡು ವರ್ಷದ ನಿಮ್ಮ ಅಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ಹೊಳವನಹಳ್ಳಿ ಹತ್ತಿರ ಇದ್ದ ನನ್ನ ಅಣ್ಣನ ಮನೆಗೆ ಬಂದಿದ್ದೆ. ಅಣ್ಣ ಅತ್ತಿಗೆ ಕೆಟ್ಟವರಲ್ಲ. ಆದರೆ ಅವರಿಗೇ ಐದು ಮಕ್ಕಳು, ಇದ್ದದ್ದು ಎರಡಂಕಣದ ಮನೆ. ಮಗು ಅತ್ತರೆ ಯಾರಾದರೂ ಮುಖ ಸಿಂಡರಿಸುವ ಮೊದಲೇ ಎತ್ತಿಕೊಂಡು ಹಿತ್ತಲಿಗೆ ಹೋಗಿಬಿಡುತ್ತಿದ್ದೆ. ಊಟಕ್ಕೆ ಕೊನೆಗೆ ಕೂರುತ್ತಿದ್ದೆ. ಹಾಗೆ ಕೂರು ಎಂದು ಯಾರೂ ಹೇಳಿರಲಿಲ್ಲ.

ಊರಿನ ಸ್ಕೂಲಿಗೆ ಮೇಷ್ಟ್ರು ಒಬ್ಬರೇ. ಚಿಕ್ಕವಳಿದ್ದಾಗ ನನಗೆ ಅಕ್ಷರ ಕಲಿಸಿದವರೂ ಅವರೇ. ಲೋಯರ್ ಸೆಕೆಂಡರಿ ಪಾಸಾದ ಹೆಂಗಸರನ್ನು ಟ್ರೈನಿಂಗಿಗೆ ಕಳಿಸಿ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಕೆಲಸ ಕೊಡುತ್ತಾರೆ ಎಂದು ಅವರು ಅಣ್ಣನಿಗೆ ಹೇಳಿದರು. ಎಲ್.ಎಸ್. ಎಂದು ಕರೆಯುತ್ತಿದ್ದ ಆ ಪರೀಕ್ಷೆಯನ್ನು ದಾಟಿದರೆ ನನಗೂ ಮಗುವಿಗೂ ಒಂದು ಕೋಣೆ, ನಮ್ಮದೇ ಒಂದು ಒಲೆ ಸಿಗಬಹುದಿತ್ತು. ಅಣ್ಣ ಎರಡು ದಿನ ಯೋಚನೆ ಮಾಡಿ ಒಪ್ಪಿದ.

"ಒಂದ್ಸಲ ಕಟ್ಟಮ್ಮ. ಆದ್ರೆ ಆಯ್ತು, ಆಗ್ದಿದ್ರೆ ಬುಟ್ಬುಡು. ಊರೋರ ಬಾಯ್ನ ನಾನು ಎಷ್ಟು ದಿನ ಅಂತ ಮುಚ್ಲಿ?" ಎಂದ.

ಆ ವರ್ಷ ನಮ್ಮೂರಿನಿಂದ ಪರೀಕ್ಷೆಗೆ ಕಟ್ಟಿದವರು ಮೂವರು. ನಾನು, ಪಟೇಲರ ಮನೆಯ ಹದಿನಾಲ್ಕು ವರ್ಷದ ಹುಡುಗಿ, ಕುರುಬರ ಹಟ್ಟಿಯ ಹದಿನಾರರ ಹುಡುಗ. ಹುಡುಗಿಯ ಬಾಯಿ ಅರಳು ಹುರಿದಂತೆ. ಹುಡುಗನ ಮಾತು ಕಡಿಮೆ, ಆಡಿದರೆ ಕುಟುಕುವುದೇ ಹೆಚ್ಚು. ಇಬ್ಬರೂ ನನ್ನನ್ನು ಅಕ್ಕ ಎನ್ನುತ್ತಿದ್ದರು. ಬಾಗಿಲ ಪಕ್ಕದ ಗೋಡೆಗೆ ಒರಗಿ ನಾನು ಪಾಠ ಕೇಳುತ್ತಿದ್ದೆ. ಮೇಷ್ಟ್ರು ಏನಾದರೂ ಕೇಳಿದರೆ ಬಾಯಿ ಬಿಡದೆ ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದೆ. ಅವರು ಅದಕ್ಕೂ ಒಗ್ಗಿಕೊಂಡಿದ್ದರು.

ಚರಿತ್ರೆ ಪುಸ್ತಕ ಮೂವರಿಗೂ ಸೇರಿ ಒಂದೇ. ಸ್ಕೂಲಿನದು, ಎಷ್ಟೋ ಕೈ ದಾಟಿ ಬಂದದ್ದು. ಮಧ್ಯದ ನಾಲ್ಕು ಹಾಳೆಯನ್ನು ಯಾರೋ ಕಿತ್ತುಕೊಂಡಿದ್ದರು. ಅಲ್ಲಿದ್ದದ್ದು ಇನ್ನೂರು ವರ್ಷಕ್ಕೂ ಹಿಂದೆ ಮೈಸೂರಿನ ದೊರೆಯೊಬ್ಬರು ರಾಜ್ಯದ ಕೆಲಸವನ್ನೆಲ್ಲ ಹದಿನೆಂಟು ಕಚೇರಿಗಳಾಗಿ ಹಂಚಿದ ವಿಷಯ. ಮೇಷ್ಟ್ರು, "ಪುಸ್ತಕ ಯಾಕೆ, ನನ್ನ ಬಾಯಲ್ಲೇ ಐತೆ" ಎಂದು ಕಣ್ಣು ಮುಚ್ಚಿಕೊಂಡು ಹದಿನೆಂಟನ್ನೂ ಹೇಳಿ ಬರೆಸಿದರು. ಸುಂಕದ ಕಚೇರಿ, ಬೇಹಿನ ಕಚೇರಿ, ಬೆಣ್ಣೆ ಕಚೇರಿ, ಕೆರೆಕಟ್ಟೆ ಕಚೇರಿ, ಅಬಕಾರಿ ಕಚೇರಿ, ಸಿಡುಬು ಬರದಂತೆ ತೋಳಿಗೆ ದೇವಿ ಹಾಕುವ ಕಚೇರಿ, ಹೀಗೆ. ಈ ಸಲ ಬರುವುದು ಇದೇ ಪ್ರಶ್ನೆ ಎಂದೂ ಹೇಳಿದರು. ನಾವು ಬಾಯಿಪಾಠ ಮಾಡಿದೆವು. ಮಗುವನ್ನು ತೊಟ್ಟಿಲಲ್ಲಿ ತೂಗುವಾಗಲೂ ನನ್ನ ಬಾಯಲ್ಲಿ ಅದೇ. ಅತ್ತಿಗೆ ಒಮ್ಮೆ, "ಮಗೀಗೆ ಒಂದು ಲಾಲಿ ಹಾಡೇ ತಾಯಿ, ಅದ್ಕ್ಯಾಕೆ ಅಬಕಾರಿ?" ಎಂದು ನಕ್ಕಿದ್ದಳು.

ಪರೀಕ್ಷೆ ಮಧುಗಿರಿಯಲ್ಲಿ. ಪಟೇಲರ ಹುಡುಗಿಯ ಸೋದರಮಾವ ಗಾಡಿ ಹೊಡೆದುಕೊಂಡು ನಮ್ಮ ಜೊತೆ ಬಂದರು. ಛತ್ರದಲ್ಲಿ ನಾಲ್ಕು ದಿನ ಇದ್ದೆವು. ಮಗುವನ್ನು ಬಿಟ್ಟು ನಾನು ಅದಕ್ಕೆ ಮೊದಲು ಒಂದು ದಿನವೂ ಇರಲಿಲ್ಲ. ನಾಲ್ಕನೆಯ ದಿನ ಚರಿತ್ರೆ. ಬೆಟ್ಟದ ಬಂಡೆ ಬಿಸಿಲಿಗೆ ಕಾದು ಅದರ ಝಳ ಕಿಟಕಿಯಿಂದ ನೇರವಾಗಿ ನಮ್ಮ ಮುಖಕ್ಕೆ ಹೊಡೆಯುತ್ತಿತ್ತು. ಪತ್ರಿಕೆ ಕೈಗೆ ಬಂತು. ಕಾರಣ ಕೊಡಿ, ಹೋಲಿಸಿ, ಪರಿಣಾಮ ತಿಳಿಸಿ, ಎಲ್ಲ ಇಂಥವೇ. ಏನೇನಾಯಿತು ಎಂದು ನಾವು ಕಲಿತಿದ್ದೆವು, ಯಾಕಾಯಿತು ಎಂದು ಯಾರೂ ನಮ್ಮನ್ನು ಕೇಳಿರಲಿಲ್ಲ. ಕೆಳಗೆ ಕೊನೆಯಲ್ಲಿ ಇತ್ತು: ಹದಿನೆಂಟು ಕಚೇರಿಗಳಲ್ಲಿ ಹತ್ತನ್ನು ಹೆಸರಿಸಿ ಅವುಗಳ ಕೆಲಸವನ್ನು ವಿವರಿಸಿ. ಎಲ್ಲಕ್ಕಿಂತ ಹೆಚ್ಚು ಅಂಕದ ಪ್ರಶ್ನೆ. ಮುಳುಗುತ್ತಿದ್ದವಳಿಗೆ ದಡ ಸಿಕ್ಕಿದಂತಾಯಿತು. ಗೊತ್ತಿಲ್ಲದ್ದನ್ನೆಲ್ಲ ಎರಡೆರಡು ಸಾಲಿಗೆ ಮುಗಿಸಿ ಅದೊಂದಕ್ಕೇ ಮೂರು ಪುಟ ಬರೆದೆ.

ಹೊರಗೆ ಬೇವಿನ ಮರದ ಕೆಳಗೆ ಪರೀಕ್ಷೆ ಬರೆದವರೆಲ್ಲ ಗುಂಪುಗುಂಪಾಗಿ ನಿಂತಿದ್ದರು. ಪಾವಗಡದ ಕಡೆಯ ಮಕ್ಕಳು ತೆಲುಗಿನಲ್ಲಿ ಪತ್ರಿಕೆಯನ್ನು ಬೈಯುತ್ತಿದ್ದರು. ಸಿರಾದ ಹುಡುಗನೊಬ್ಬ ಹೊಸ ಪುಸ್ತಕ ಹಿಡಿದು ಉತ್ತರ ನೋಡುತ್ತಿದ್ದ. ನಮ್ಮ ಹುಡುಗಿ ನೇರವಾಗಿ ಅವನ ಹತ್ತಿರ ಹೋದಳು.

"ಕಚೇರಿ ಪ್ರಶ್ನೆ ನಮ್ಮೇಷ್ಟ್ರು ಮೊದ್ಲೇ ಹೇಳಿದ್ರು ಕಣೋ. ನಾವು ಹತ್ತೂ ಬರ್ದಿದ್ದೀವಿ."

"ಯಾವ್ಯಾವ್ದು ಬರದ್ರಿ? ಹೇಳು, ನೋಡನ."

ಅವಳು ಒಂದೇ ಉಸಿರಿಗೆ ಶುರುಮಾಡಿದಳು. ದೇವಿ ಹಾಕುವ ಕಚೇರಿ ಬಂದಾಗ ಅವನು ಪುಸ್ತಕ ಮುಚ್ಚಿ ನಕ್ಕುಬಿಟ್ಟ.

"ಅರೇ, ಆಗಿನ ಕಾಲ್ದಾಗೆ ದೇವಿ ಹಾಕೋ ಇನ್‌ಸ್ಪೆಕ್ಟ್ರು ಎಲ್ಲಿಂದ ಬಂದ್ನಮ್ಮ? ಸೈಕಲ್ ಮ್ಯಾಲೆ ಬರ್ತಿದ್ನಾ?"

"ನಮ್ಮೇಷ್ಟ್ರು ಹೇಳ್ಕೊಟ್ಟವ್ರೆ. ನಿಂಗೇನ್ಲಾ ಗೊತ್ತು?"

"ನಿಮ್ಮೇಷ್ಟ್ರು ಸುಳ್ಳು ಹೇಳವ್ರೆ. ತಗಾ, ನೀನೇ ಓದು" ಎಂದು ಪುಸ್ತಕವನ್ನು ಅವಳ ಕೈಗೆ ತುರುಕಿದ.

ಮೂವರೂ ಬಗ್ಗಿ ನೋಡಿದೆವು. ಪುಸ್ತಕದಲ್ಲಿ ಕಚೇರಿಗೆ ಚಾವಡಿ ಎಂಬ ಹಳೆಯ ಹೆಸರಿತ್ತು. ನಿರೂಪದ ಚಾವಡಿ, ಆಯಕಟ್ಟಿನ ಚಾವಡಿ, ಸುಂಕದ ಚಾವಡಿ, ಬೇಹಿನ ಚಾವಡಿ, ಕಬ್ಬಿಣದ ಚಾವಡಿ, ಹೊಗೆಸೊಪ್ಪಿನ ಚಾವಡಿ. ಬೆಣ್ಣೆ ಚಾವಡಿಯೂ ಇತ್ತು. ಅಬಕಾರಿ ಇರಲಿಲ್ಲ. ದೇವಿ ಹಾಕುವುದು ಇರಲಿಲ್ಲ. ಬೆರಳು ಮಡಿಚಿ ನೋಡಿಕೊಂಡೆ, ನನ್ನ ಹತ್ತರಲ್ಲಿ ಮೂರು ಸರಿ.

ಕುರುಬರ ಹುಡುಗ ಬೆಪ್ಪಾಗಿ ನಿಂತಿದ್ದ. "ಅಕ್ಕ, ನಾನು ಬೆಣ್ಣೆ ಬುಟ್ಬುಟ್ಟೆ. ರಾಜ್ರಿಗೆ ಬೆಣ್ಣೆ ಕಚೇರಿ ಯಾಕೆ, ಮೇಷ್ಟ್ರಿಗೆ ಎಲ್ಲೋ ಮರ್ತೋಗೈತೆ ಅಂದ್ಕಂಡೆ. ದೇವಿ ಹಾಕೋದು ನಿಜ ಅನ್ನಿಸ್ತು, ಅದ್ನೇ ದೊಡ್ಡದಾಗಿ ಬರ್ದೆ."

ಮೇಷ್ಟ್ರು ಮೋಸ ಮಾಡಿರಲಿಲ್ಲ. ಅದು ನನಗೆ ಅಲ್ಲಿಯೇ ಹೊಳೆಯಿತು. ಮರೆತುಹೋದ ಜಾಗಕ್ಕೆ ಅವರು ತಮಗೆ ಗೊತ್ತಿದ್ದ ಕಚೇರಿಗಳನ್ನು ತುಂಬಿದ್ದರು. ತಿಂಗಳಿಗೊಮ್ಮೆ ಕೊರಟಗೆರೆಗೆ ಹೋದಾಗ ಅಲ್ಲಿನ ಬಾಗಿಲುಗಳ ಮೇಲೆ ಓದುತ್ತಿದ್ದ ಬೋರ್ಡುಗಳೇ ಅವರ ಬಾಯಿಗೆ ಬಂದಿದ್ದವು. ಇದು ಗೊತ್ತಾದರೂ ನನಗೆ ಸಮಾಧಾನವಾಗಲಿಲ್ಲ. ಒಂದು ವಿಷಯದಲ್ಲಿ ಹೋದರೆ ಇಡೀ ಪರೀಕ್ಷೆಯೇ ಹೋದಂತೆ. ಅಣ್ಣ ಹೇಳಿದ್ದು ಒಂದೇ ಸಲ.

ಮಾರನೆಯ ದಿನ ಬೆಳಗಿನ ಜಾವ ಗಾಡಿ ಕಟ್ಟಿದೆವು. ದಾರಿಯುದ್ದಕ್ಕೂ ಹುಡುಗಿ ಪ್ರಶ್ನೆ ಪ್ರಶ್ನೆಯನ್ನೂ ತೆಗೆದು ಎಷ್ಟೆಷ್ಟು ಸಿಗಬಹುದು ಎಂದು ಲೆಕ್ಕ ಹಾಕಿದಳು. ಪ್ರತಿ ಸಲವೂ ಒಂದೊಂದು ಉತ್ತರ ಬರುತ್ತಿತ್ತು. ಕೊನೆಗೆ ಅವಳ ಮಾವ, "ಸಾಕು ಬುಡವ್ವ, ನಿನ್ ಲೆಕ್ಕ ಕೇಳಿ ಎತ್ತೂ ಸುಸ್ತಾದ್ವು" ಎಂದರು. ಒಣಗಿದ ಹೊಳೆಯ ಮರಳಿನಲ್ಲಿ ಗಾಲಿ ಹೂತುಕೊಂಡಾಗ ಎಲ್ಲರೂ ಇಳಿದು ನಡೆದೆವು. ಕಾಲು ಕಿತ್ತಿಟ್ಟರೆ ಮತ್ತೆ ಹೂತುಕೊಳ್ಳುತ್ತಿತ್ತು. ದೂರದಲ್ಲಿ ಸಿದ್ದರಬೆಟ್ಟ ಮಂಕಾಗಿ ಕಾಣುತ್ತಿತ್ತು.

"ಮೇಷ್ಟ್ರಿಗೆ ಹೇಳೋದು ಬ್ಯಾಡ. ವಯಸ್ಸಾದೋರು, ನೊಂದ್ಕಂತಾರೆ" ಎಂದ ಹುಡುಗ.

"ನಾನ್ಯಾಕೆ ಹೇಳ್ಲಿ? ಪಾಸಾದ್ರೂ ನಂಗೆ ಮದ್ವೆ, ಫೇಲಾದ್ರೂ ಮದ್ವೆ. ಪಾಪ, ಕಷ್ಟ ಅಕ್ಕುಂದೇ" ಎಂದಳು ಹುಡುಗಿ.

ಹೇಳುವುದಿಲ್ಲ ಎಂದು ನಾನೂ ತಲೆಯಾಡಿಸಿದೆ.

ಹೊತ್ತು ಇಳಿಯುವಾಗ ಊರು ಸೇರಿದೆವು. ಮೇಷ್ಟ್ರು ಸ್ಕೂಲಿನ ಜಗಲಿಯ ಮೇಲೆ ಕಾಯುತ್ತಿದ್ದರು. ಪರೀಕ್ಷೆಯಿಂದ ಬಂದವರು ಮನೆಗೆ ಹೋಗುವ ಮೊದಲು ಅವರ ಮುಂದೆ ನಿಂತು ಏನು ಬರೆದೆವೆಂದು ಒಪ್ಪಿಸಬೇಕು, ಅದು ಅವರು ಇಟ್ಟುಕೊಂಡಿದ್ದ ಪದ್ಧತಿ.

"ಬಂತಾ? ಹದಿನೆಂಟು ಕಚೇರಿ ಬಂತಾ?"

"ಬಂತು ಮೇಷ್ಟ್ರೇ" ಎಂದಳು ಹುಡುಗಿ.

"ನೋಡಿದ್ರಾ! ನಾನು ಹೇಳಿರ್ಲಿಲ್ವಾ? ಹೆಂಗೆ ಬರೆದ್ರಿ?"

"ನೀವು ಹೇಳ್ಕೊಟ್ಟಂಗೇ" ಎಂದು ಹುಡುಗ ನೆಲ ನೋಡಿದ.

ಅವರ ಮುಖ ಅರಳಿಹೋಯಿತು. ನನ್ನ ಕಡೆ ತಿರುಗಿ, "ನೀನು ತಾಯಿ?" ಎಂದರು. ಕೈಯಲ್ಲಿ ಸ್ಲೇಟು ಇರಲಿಲ್ಲ. ಆಗ ನನಗೆ ಯಾವ ಧೈರ್ಯ ಬಂತೋ ಎಂದು ನೀವು ಕೇಳಬೇಡಿ. ಸುಳ್ಳು ಹೇಳುವುದಕ್ಕೂ ಒಂದು ಕಸುವು ಬೇಕು, ಅದು ನನ್ನಲ್ಲಿ ಉಳಿದಿರಲಿಲ್ಲ.

"ಮೇಷ್ಟ್ರೇ, ಅದರಲ್ಲಿ ಎಷ್ಟೋ ಪುಸ್ತಕದಲ್ಲಿ ಇಲ್ಲ" ಎಂದೆ.

ಹುಡುಗಿ ನನ್ನ ಸೆರಗು ಎಳೆದಳು. ಮೇಷ್ಟ್ರು ಒಂದು ಹೆಜ್ಜೆ ಮುಂದೆ ಬಂದರು.

"ದೇವಿ ಹಾಕೋದು?"

"ಇಲ್ಲ."

"ಅಬಕಾರಿ?"

"ಇಲ್ಲ ಮೇಷ್ಟ್ರೇ."

"ಬೆಣ್ಣೆ?"

"ಬೆಣ್ಣೆ ಐತೆ."

"ಬೆಣ್ಣೆ ಐತೆ" ಎಂದು ತಮಗೆ ತಾವೇ ಹೇಳಿಕೊಂಡರು. "ಅದು ನಂಗೆ ಚೆನ್ನಾಗಿ ಗ್ಯಾಪಕ ಇತ್ತು ಕಣಮ್ಮ." ಆಮೇಲೆ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸುತ್ತಾ, "ಎಷ್ಟು ವರ್ಷದಿಂದ ಹಿಂಗೇ ಹೇಳ್ಕೊಡ್ತಾ ಇದೀನೋ" ಎಂದರು. ಮನೆಗೆ ಹೋಗಿ ಎಂದು ಕೈಯಾಡಿಸಿದರು.

ಮನೆಗೆ ಹೋದರೆ ನಿಮ್ಮ ಅಮ್ಮ ನನ್ನ ಹತ್ತಿರ ಬರಲಿಲ್ಲ. ಐದು ದಿನಕ್ಕೇ ಅತ್ತಿಗೆಯ ಸೊಂಟಕ್ಕೆ ಅಂಟಿಕೊಂಡಿದ್ದಳು. ಪರೀಕ್ಷೆ ಹೋಯಿತಲ್ಲ ಎನ್ನುವುದಕ್ಕಿಂತ ಅದೇ ಹೆಚ್ಚು ನೋಯಿಸಿತು.

ಮರುದಿನ ಬೆಳಗ್ಗೆ ಮೇಷ್ಟ್ರು ನಮ್ಮ ಮನೆಗೆ ಬಂದರು. ಒಳಗೆ ಕರೆದರೂ ಬರಲಿಲ್ಲ. ಬೀದಿಯಲ್ಲಿ ಹೋಗುವವರಿಗೆಲ್ಲ ಕೇಳಿಸುವಂತೆ ಅಣ್ಣನಿಗೆ ಹೇಳಿದರು: "ನಿನ್ನ ತಂಗಿ ಚರಿತ್ರೆಯಲ್ಲಿ ಹೋಗ್ತಾಳೆ ಕಣಪ್ಪ. ತಪ್ಪು ಅವಳದಲ್ಲ, ನಂದು. ಇಲ್ಲದ್ದನ್ನ ಹೇಳ್ಕೊಟ್ಟೆ. ಇನ್ನೊಂದ್ಸಲ ಕಟ್ಸು."

ಅಣ್ಣ ಕಂಬ ಹಿಡಿದು ನಿಂತಿದ್ದ. "ನೀವ್ಯಾಕೆ ಸ್ವಾಮಿ ಇಷ್ಟು ದೂರ... ಹೇಳಿ ಕಳಿಸಿದ್ರೆ ನಾನೇ ಬರ್ತಿದ್ದೆ" ಎಂದ. ಆಗುವುದಿಲ್ಲ ಎನ್ನಲಿಲ್ಲ. ಆಗಲಿ ಎಂದೂ ಬಾಯಿಬಿಟ್ಟು ಹೇಳಲಿಲ್ಲ. ಅಷ್ಟೇ ಸಾಕಾಗಿತ್ತು.

ಅವರು ಹೇಳಿದ ಹಾಗೇ ಆಯಿತು. ಹುಡುಗ ಹೇಗೋ ಅಂಚಿನಲ್ಲಿ ಪಾಸಾದ. ಹುಡುಗಿಯೂ ನಾನೂ ಚರಿತ್ರೆಯಲ್ಲಿ ಹೋದೆವು. ಆ ಬೇಸಗೆಯಲ್ಲೇ ಅವಳಿಗೆ ಬುಕ್ಕಾಪಟ್ಟಣದ ಕಡೆ ಮದುವೆಯಾಯಿತು. ಮತ್ತೆ ಕಟ್ಟಲಿಲ್ಲ. ಮೇಷ್ಟ್ರು ಯಾರದೋ ಪುಸ್ತಕ ತಂದು ನಾಲ್ಕು ಹಾಳೆಯನ್ನೂ ತಮ್ಮ ಕೈಯಲ್ಲೇ ಬರೆದು ಹಳೆಯ ಪುಸ್ತಕಕ್ಕೆ ಹೊಲಿದರು. ಹದಿನೆಂಟನ್ನೂ ಕರಿಹಲಗೆಯ ಮೇಲೆ ಬರೆದು, "ಇದುವರೆಗೆ ನಾನು ಹೇಳಿದ್ದನ್ನ ಮರ್ತುಬಿಡಿ" ಎಂದು ಎಲ್ಲ ತರಗತಿಗೂ ಹೇಳಿದರು. ನನಗೆ ಮಾತ್ರ ಇಂದಿಗೂ ಎರಡು ಪಟ್ಟಿಗಳೂ ಒಟ್ಟಿಗೇ ನೆನಪಿಗೆ ಬರುತ್ತವೆ.

ಮುಂದಿನ ವರ್ಷ ಮತ್ತೆ ಅದೇ ಛತ್ರ, ಅದೇ ಬಿಸಿಲು. ಕಚೇರಿಗಳ ಪ್ರಶ್ನೆ ಬರಲೇ ಇಲ್ಲ. ಯಾಕಾಯಿತು ಎನ್ನುವ ಪ್ರಶ್ನೆಗಳಿಗೆ ತೋಚಿದಷ್ಟು ಬರೆದು ಬಂದೆ. ಪಾಸಾಗಿದ್ದೇನೆ ಎಂಬ ಸುದ್ದಿ ಬಂದ ದಿನ ಎಲ್ಲರೂ ನಾನು ಕುಣಿದಾಡುತ್ತೇನೆ ಎಂದುಕೊಂಡರು. ನಾನು ಮಗುವನ್ನು ಪಕ್ಕದಲ್ಲಿ ಹಾಕಿಕೊಂಡು ಮಧ್ಯಾಹ್ನದಿಂದ ಸಂಜೆಯವರೆಗೆ ನಿದ್ದೆ ಮಾಡಿದೆ. ಅತ್ತಿಗೆ ಎಬ್ಬಿಸಲಿಲ್ಲ. ಟ್ರೈನಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಒಂದು ಕೋಣೆ ಸಿಕ್ಕಿತು. ಹೊಗೆ ತುಂಬುತ್ತಿದ್ದ ಕೋಣೆ. ಅಲ್ಲಿ ನಿಮ್ಮ ಅಮ್ಮ ಎಷ್ಟು ಹೊತ್ತು ಅತ್ತರೂ ನಾನು ಎದ್ದು ಹೊರಗೆ ಹೋಗಬೇಕಾಗಿರಲಿಲ್ಲ.

ಪುಟ್ಟೀ, ನಿನ್ನ ಪರೀಕ್ಷೆ ಏನಾಗುತ್ತದೋ ನನಗೆ ಗೊತ್ತಿಲ್ಲ. ಸರಿಹೋಗುತ್ತದೆ ಎಂದು ಹೇಳಿ ನಿನ್ನನ್ನು ಸಮಾಧಾನ ಮಾಡಲು ನನಗೆ ಬರುವುದಿಲ್ಲ. ಇವತ್ತು ಹೊಟ್ಟೆ ತುಂಬ ಉಂಡು ಮಲಗು, ಪತ್ರಿಕೆಯನ್ನು ಮತ್ತೆ ತೆಗೆಯಬೇಡ. ಮರೀ, ನೀನು ಅವಳನ್ನು ಹಂಗಿಸಬೇಡ. ಈ ಹಾಳೆಗಳನ್ನು ನಿಮ್ಮ ಅಮ್ಮನ ಸೀರೆ ಪೆಟ್ಟಿಗೆಯ ತಳದಲ್ಲಿ, ನೀರು ತಾಗದ ಹಾಗೆ ಬಟ್ಟೆ ಸುತ್ತಿ ಇಡಿ. ಬಂದವರ ಮುಂದೆ ಓದಬೇಡಿ, ನನಗೆ ನಾಚಿಕೆಯಾಗುತ್ತದೆ. ಆದರೆ ಬಿಸಾಡಬೇಡಿ.