ಖಾಲಿಯಾಗದ ರೇಡಿಯೇಟರ್

ಇದು ಕಟ್ಟುಕತೆ ಅಂತ ಅನ್ನಿಸಿದರೆ ಒಂದು ವಿಷಯ ಯೋಚನೆ ಮಾಡಿ. ಸುಳ್ಳು ಹೇಳುವವನು ತಾನು ಒಳ್ಳೆಯವನಾಗಿ ಕಾಣುವ ಹಾಗೆ ಹೇಳುತ್ತಾನೆ. ಆ ರಾತ್ರಿ ನಾನು ಮಾಡಲು ಹೋದದ್ದು ಹೊರಗೆ ಹೇಳಿಕೊಳ್ಳುವಂಥ ಕೆಲಸವಲ್ಲ. ಹೆಂಡತಿಗೂ ಇವತ್ತಿನವರೆಗೆ ಹೇಳಿಲ್ಲ.

ಹುಣಸೂರು ತಾಲ್ಲೂಕಿನಲ್ಲಿ, ಗುರುಪುರದಿಂದ ಸ್ವಲ್ಪ ಒಳಗೆ ನಮ್ಮೂರು. ಹತ್ತು ವರ್ಷ ಬೇರೆಯವರ ಟ್ರ್ಯಾಕ್ಟರ್ ಓಡಿಸಿದವನು ನಾನು. ಇಂಜಿನ್ ಶಬ್ದ ಕೇಳಿಯೇ ಆಯಿಲ್ ಹಳತಾಗಿದೆಯೋ ಇಲ್ಲವೋ ಹೇಳುತ್ತೇನೆ ಅನ್ನುವ ಜಂಬ ಬೇರೆ. ಸ್ವಂತಕ್ಕೊಂದು ಮಿನಿ ಟ್ರ್ಯಾಕ್ಟರ್ ತರಬೇಕು ಅನ್ನುವುದು ಬಹಳ ದಿನದ ಆಸೆಯಾಗಿತ್ತು.

ಸಾಲಿಗ್ರಾಮದಲ್ಲಿ ಬಾಷಾ ಸಾಬರು ಅನ್ನುವವರ ಗಾಡಿ ಮಾರಾಟಕ್ಕಿದೆ ಅಂತ ತಿಳಿದು ನೋಡಲು ಹೋದೆ. ಸಾಬರು ತೀರಿಕೊಂಡು ಮೂರು ತಿಂಗಳಾಗಿತ್ತು. ಗಾಡಿ ತೋರಿಸಿದ್ದು ಅವರ ಹೆಂಡತಿ. ರೇಡಿಯೇಟರ್ ಮುಚ್ಚಳ ತೆಗೆದು ಬೆರಳು ಅದ್ದಿ ನೋಡಿದೆ. ತುಕ್ಕಿಲ್ಲ, ಉಪ್ಪು ಕಟ್ಟಿಲ್ಲ, ಇಂಜಿನ್ ತಣ್ಣಗಿಡುವ ಕೂಲೆಂಟ್ ಹಸಿರಾಗಿ ತಿಳಿಯಾಗಿತ್ತು. ಇಂಜಿನ್ ಆಯಿಲ್ ಎರಡು ಗೆರೆಗಳ ನಡುವೆ ಎಷ್ಟಿರಬೇಕೋ ಅಷ್ಟೇ ಇತ್ತು. ಜಾಲರಿಯಲ್ಲಿ ಒಂದು ಚೂರು ಹೊಟ್ಟು ಕೂಡ ಸಿಕ್ಕಿಕೊಂಡಿರಲಿಲ್ಲ. ಇಡೀ ಗಾಡಿಯಲ್ಲಿ ಕೆಟ್ಟಿದ್ದದ್ದು ಇಂಜಿನ್ ಬಿಸಿ ತೋರಿಸುವ ಮುಳ್ಳು ಒಂದೇ.

“ನಮ್ಮೋರು ಗಾಡಿಗೆ ನೀರು ನೋಡ್ದೆ ತಾವು ಚಾ ಕುಡೀತಿರ್ಲಿಲ್ಲ ಕಣಪ್ಪ,” ಅಂದರು ಆ ತಾಯಿ.

ಗಾಡಿ ಕಂಡು ನನಗೆ ಬಾಯಲ್ಲಿ ನೀರೂರಿತ್ತು. ಆದರೆ ಚೌಕಾಸಿ ಬುದ್ಧಿ ಎಲ್ಲಿ ಹೋಗುತ್ತದೆ? “ರೇಡಿಯೇಟರ್ ಒಳಗೆ ಕಟ್ಕಂಡದೆ ಕಣಮ್ಮ, ಖರ್ಚು ಬತ್ತದೆ,” ಅಂತ ಹಸಿ ಸುಳ್ಳು ಹೇಳಿ, ಒಂದು ವಾರ ಬಿಟ್ಟು ಬರುತ್ತೇನೆ ಎಂದೆ. ಕಾಯಿಸಿದರೆ ರೇಟು ತಾನಾಗಿ ಇಳಿಯುತ್ತದೆ ಅನ್ನುವುದು ನಮ್ಮ ಕಡೆ ಹಳೇ ಗಾಡಿ ಕೊಳ್ಳುವವರ ಲೆಕ್ಕಾಚಾರ. ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಸಂಜೆ ಟೀ ಅಂಗಡಿಯಲ್ಲಿ ಚಿಕ್ಕಪ್ಪನ ಮಗ ಶಿವು ಸಿಕ್ಕಿದಾಗ, ಎಂಥ ಗಾಡಿ ನೋಡಿ ಬಂದೆ ಗೊತ್ತಾ ಅಂತ ಅದರ ಗುಣವನ್ನೆಲ್ಲ ಕೊಚ್ಚಿಕೊಂಡೆ. ನಾನೇ ಕೊಳ್ಳುವ ಮಾತು ಮಾತ್ರ ಎತ್ತಲಿಲ್ಲ.

ಮೂರನೇ ದಿನ ಆ ಗಾಡಿ ಶಿವು ಮನೆ ಮುಂದೆ ಹೂವಿನ ಹಾರ ಹಾಕಿಕೊಂಡು ನಿಂತಿತ್ತು.

“ಅಣ್ಣ, ನೀನು ಚೆನ್ನಾಗದೆ ಅಂದ್ಮೇಲೆ ಇನ್ನೇನು ನೋಡದು ಅಂತ ತಂದ್ಬುಟ್ಟೆ,” ಅಂದ. ನಾನು ಕೊಳ್ಳಲು ಹೊರಟಿದ್ದೇನೆ ಅಂತ ಅವನಿಗೆ ಹೊಳೆದೇ ಇರಲಿಲ್ಲ. ಅವನ ಮನಸ್ಸಿನಲ್ಲಿ ಕಪಟವಿರಲಿಲ್ಲ, ಅದು ನನಗೆ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಇನ್ನೂ ಹೆಚ್ಚು ಉರಿಯಿತು.

ಮನೆಯಲ್ಲಿ ಹೆಂಡತಿ ಬೇರೆ. “ನೀವು ನೋಡ್ಕಂಡ್ ಬಂದ್ರಿ, ಅವ್ನು ಓಡುಸ್ಕಂಡ್ ಬಂದ,” ಅಂದು ಮುಸುರೆ ತಿಕ್ಕಲು ಕೂತಳು.

ಅವತ್ತಿನಿಂದ ಆ ಇಂಜಿನ್ ಶಬ್ದ ಕೇಳಿದರೆ ಊಟ ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ. ಶಿವುಗೆ ಗಾಡಿ ಓಡಿಸಲು ಬರುತ್ತಿತ್ತು, ನೋಡಿಕೊಳ್ಳಲು ಬರುತ್ತಿರಲಿಲ್ಲ. ಒಂದು ಸಲ ಪೈಪ್ ಬಿಟ್ಟುಕೊಂಡು ಕೂಲೆಂಟ್ ಎಲ್ಲ ಸೋರಿಹೋದಾಗ ನನ್ನನ್ನೇ ಕೇಳಿದ. “ಕೂಲೆಂಟೇ ತರ್ಬೇಕಾ, ಬೋರ್ ನೀರು ಸಾಕಾ ಅಣ್ಣ?”

“ಬೋರ್ ನೀರು ಸಾಕು ಬುಡು,” ಅಂದೆ.

ನಮ್ಮ ಬೋರ್ ನೀರು ಕಾಯಿಸಿದ ಪಾತ್ರೆಯಲ್ಲಿ ಬಿಳಿ ಪದರ ಕಟ್ಟುತ್ತದೆ. ರೇಡಿಯೇಟರ್ ಒಳಗೂ ಹಾಗೇ ಕಟ್ಟುತ್ತದೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

ಎರಡು ತಿಂಗಳಾಯಿತು. ಹೊಗೆಸೊಪ್ಪು ಬೇಯಿಸುವ ಕಾಲ ಬಂತು. ಸೊಪ್ಪು ಬೇಯಿಸುವ ಮನೆ, ನಮ್ಮ ಬ್ಯಾರನ್, ಊರಾಚೆ ಹೊಲದಲ್ಲಿದೆ. ಸೊಪ್ಪು ತುಂಬಿದ ಮೇಲೆ ರಾತ್ರಿಯಿಡೀ ಒಲೆಗೆ ಸೌದೆ ಹಾಕುತ್ತಾ ಶಾಖ ನೋಡುತ್ತಾ ಕೂರಬೇಕು. ಶಿವು ತನ್ನ ಗಾಡಿಯನ್ನು ಅಲ್ಲೇ ತಗಡು ಶೀಟಿನ ಕೆಳಗೆ ನಿಲ್ಲಿಸುತ್ತಿದ್ದ. ಆ ದಿನ ಸಂಜೆ ಬಂದು ಕೀ ನನ್ನ ಕೈಗೆ ಕೊಟ್ಟ.

“ನಾಳೆ ಟಿಬೆಟ್ ಕ್ಯಾಂಪಿನ ಹೊಲಕ್ಕೆ ರೋಟವೇಟರ್ ಹೊಡೆಯಕ್ಕೆ ಒಪ್ಕಂಡಿವ್ನಿ ಅಣ್ಣ, ದಿನಪೂರ್ತಿ ಕೆಲ್ಸ. ಎಂಗೂ ಎದ್ದಿರ್ತೀಯಲ್ಲ, ನೀರು ಆಯಿಲ್ ಒಸಿ ನೋಡ್ಬುಡು.”

“ನೋಡ್ತೀನಿ ಓಗು,” ಅಂದೆ.

ದಿನಪೂರ್ತಿ ಕೆಲಸ. ಬಿಸಿ ತೋರಿಸುವ ಮುಳ್ಳು ಕೆಟ್ಟಿದೆ. ರೇಡಿಯೇಟರಿನಲ್ಲಿ ನೀರಿಲ್ಲದಿದ್ದರೆ ಅವನಿಗೆ ಗೊತ್ತಾಗುವ ಹೊತ್ತಿಗೆ ಇಂಜಿನ್ ಕಾದು ಹಿಡಿದುಕೊಂಡು ಕೆಟ್ಟಿರುತ್ತದೆ... ಆ ಯೋಚನೆ ಬಂದಾಗ ನನಗೆ ನಾಚಿಕೆಯಾಗಲಿಲ್ಲ. ಹೊಟ್ಟೆ ತಣ್ಣಗಾಯಿತು.

ರಾತ್ರಿ ಒಂದು ಗಂಟೆ ಇರಬಹುದು. ಒಲೆಗೆ ಸೌದೆ ತುಂಬಿ ಎದ್ದೆ. ಟಾರ್ಚ್ ಹಚ್ಚಲಿಲ್ಲ. ಇಂಜಿನ್ ಮೇಲೆ ಕೈಯಿಟ್ಟು ನೋಡಿದೆ, ತಣ್ಣಗೆ ಕೊರೆಯುತ್ತಿತ್ತು. ನೀರು ಬೇಗ ಇಳಿಯಲಿ ಅಂತ ಮುಚ್ಚಳ ತೆಗೆದು ಅಂಗಿ ಜೇಬಿಗೆ ಹಾಕಿಕೊಂಡೆ. ನೆಲ ಒದ್ದೆಯಾಗಿ ಶಿವುಗೆ ಗೊತ್ತಾಗದಿರಲಿ ಅಂತ ಬಕೆಟ್ ಇಟ್ಟು, ಕೆಳಗೆ ಕೂತು ರೇಡಿಯೇಟರ್ ನೀರು ಬಿಡುವ ತಿರುಪು ಬಿಚ್ಚಿದೆ.

ಸುರ್... ಅಂತ ನೀರು ಬಂತು. ಉಪ್ಪು, ತುಕ್ಕಿನ ವಾಸನೆ.

ಆ ಗಾಡಿ ಹಿಡಿಯುವುದು ಆರು ಲೀಟರ್, ಹೆಚ್ಚೆಂದರೆ ಏಳು. ಅರ್ಧ ಬಕೆಟ್ಟಿಗೆ ನಿಲ್ಲಬೇಕು. ನಿಲ್ಲಲಿಲ್ಲ. ಬಕೆಟ್ ತುಂಬಿತು. ತಿರುಪು ಬಿಗಿದು, ಬಕೆಟ್ ಬದುವಿಗೆ ಚೆಲ್ಲಿ ಬಂದು ಮತ್ತೆ ಇಟ್ಟು ಬಿಚ್ಚಿದೆ. ಅದೂ ತುಂಬಿತು. ಮೂರನೆಯದೂ...

ಆಗ ಶಬ್ದ ಕೇಳಿಸಿತು. ನನ್ನ ತಲೆಯ ಮೇಲೆ, ರೇಡಿಯೇಟರ್ ಬಾಯಿಯಲ್ಲಿ... ಗುಳು ಗುಳು ಗುಳು. ಚೊಂಬಿನಿಂದ ನಿಧಾನವಾಗಿ, ಚೆಲ್ಲದ ಹಾಗೆ, ಯಾರೋ ನೀರು ಸುರಿಯುತ್ತಿದ್ದಾರೆ.

ತಲೆ ಎತ್ತಲಾಗಲಿಲ್ಲ. ಕಣ್ಣು ಹೊರಳಿಸಿ ನೋಡಿದೆ, ಗಾಡಿಯ ಆಚೆ ಯಾರ ಕಾಲೂ ಕಾಣಲಿಲ್ಲ. ಬ್ಯಾರನ್ ಒಲೆಯ ಬೆಳಕು ನೆಲದ ಮೇಲೆ ಬಿದ್ದಿತ್ತು, ಅದರಲ್ಲಿ ನನ್ನ ನೆರಳು ಒಂದೇ ಇತ್ತು. ಮೇಲೆ ಸುರಿಯುವ ಶಬ್ದ ಮಾತ್ರ ನಿಲ್ಲಲಿಲ್ಲ. ಉಪ್ಪಿನ ವಾಸನೆ ಹೋಗಿ ಕೂಲೆಂಟಿನ ಸಿಹಿ ವಾಸನೆ ಬರತೊಡಗಿತು. ಸಂಜೆಯಿಂದ ಚಾಲೂ ಆಗದ ಗಾಡಿಯ ನೀರು ಬೆರಳಿಗೆ ಬೆಚ್ಚಗಾಯಿತು. ಆಮೇಲೆ ಬಿಸಿಯಾಯಿತು.

“ಬಿಸಿ ಅದೆ... ಕೈ ತೆಗೀರಿ.”

ಕಿವಿಯ ಹತ್ತಿರ. ವಯಸ್ಸಾದ ಗಂಡಸಿನ ದನಿ. ಗದರಿಸಿದ್ದಲ್ಲ. ಕೆಲಸ ಕಲಿಯುವವನಿಗೆ ಎಚ್ಚರ ಹೇಳುವ ಹಾಗೆ ಮೆಲ್ಲಗೆ ಹೇಳಿದ್ದು.

ತಿರುಪು ಹೇಗೆ ಬಿಗಿದೆನೋ ಗೊತ್ತಿಲ್ಲ. ಎದ್ದು ಓಡಿ ಒಲೆಯ ಮುಂದೆ ಬಿದ್ದೆ. ಜೇಬು ಮುಟ್ಟಿಕೊಂಡೆ. ಮುಚ್ಚಳ ಇರಲಿಲ್ಲ.

ಬೆಳಕು ಹರಿಯುವ ಮುಂಚೆ ಶಿವು ಬಂದ. ನಾನು ಬಾಯಿ ಬಿಡುವಷ್ಟರಲ್ಲಿ ಗಾಡಿಯ ಹತ್ತಿರ ಹೋಗಿ ರೇಡಿಯೇಟರ್ ಮುಚ್ಚಳ ತಿರುಗಿಸಿ ತೆಗೆದ. ಅದು ಅದರ ಜಾಗದಲ್ಲಿ ಬಿಗಿಯಾಗಿ ಕೂತಿತ್ತು.

“ಅಣ್ಣ, ಇದೇನ್ ಇಷ್ಟು ಹಸುರಾಗದೆ? ತೊಳ್ದು ಕೂಲೆಂಟ್ ಹಾಕ್ದಾ?”

ಅವನು ನನ್ನ ಕೈ ಹಿಡಿದುಕೊಂಡ. ಬೆರಳುಗಳಲ್ಲಿ ಬೊಬ್ಬೆ ಎದ್ದಿದ್ದವು. “ಬ್ಯಾರನ್ ಕೆಲ್ಸದ್ ಮಧ್ಯ ಇದೂ ಮಾಡಿದೀಯಲ್ಲಣ್ಣ. ನೀನಿರಗಂಟ ನಂಗೇನು ಯೋಚ್ನೆ,” ಅಂದು ಗಾಡಿ ಹತ್ತಿ ಹೋದ.

ರೇಡಿಯೇಟರ್ ತೊಳೆಯುವುದು ಹಾಗೆಯೇ. ಕೆಳಗೆ ಬಿಡುತ್ತಿರಬೇಕು, ಮೇಲೆ ಸುರಿಯುತ್ತಿರಬೇಕು, ತಿಳಿ ಬರುವವರೆಗೆ. ಕೆಳಗಿನ ಕೆಲಸ ನಾನು ಮಾಡಿದೆ. ಮೇಲಿನದ್ದು ಯಾರು ಮಾಡಿದರು... ಇವತ್ತಿಗೂ ನನಗೆ ಗೊತ್ತಿಲ್ಲ.

ಇದೆಲ್ಲ ಆಗಿ ಎರಡು ವರ್ಷ. ಗಾಡಿ ನೋಡಿಕೊಂಡರೆ ನಮ್ಮಣ್ಣನ ಹಾಗೆ ನೋಡಿಕೊಳ್ಳಬೇಕು ಅಂತ ಶಿವು ಊರಿಗೆಲ್ಲ ಸಾರಿದ್ದಾನೆ. ದಿನಾ ಬೆಳಿಗ್ಗೆ ಮುಚ್ಚಳ ತೆಗೆದು ನೋಡುವುದು ಈಗ ನನ್ನದೇ ಕೆಲಸ. ಒಂದು ದಿನಕ್ಕೂ ಒಂದು ತೊಟ್ಟು ಕಡಿಮೆಯಾಗಿಲ್ಲ. ನಾನು ಇದುವರೆಗೆ ಒಂದು ಲೋಟವನ್ನೂ ಸುರಿದಿಲ್ಲ. ಮುಚ್ಚಳ ತಿರುಗಿಸುವ ಮುಂಚೆ ಈಗಲೂ ಒಂದು ಸಲ ಹಿಂದೆ ತಿರುಗಿ ನೋಡಿಕೊಳ್ಳುತ್ತೇನೆ.

ಭಯ ಒಂದೇ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಸತ್ತವರು ಕೂಡ ಅವನ ಕಡೆಗೇ ನಿಂತರಲ್ಲ ಅನ್ನುವ ಹೊಟ್ಟೆಕಿಚ್ಚು ಮಾತ್ರ ತಡೆಯಲಾಗುವುದಿಲ್ಲ. ಕೆಲವು ದಿನ ಸುತ್ತ ಯಾರೂ ಇಲ್ಲದ್ದು ನೋಡಿಕೊಂಡು, ರೇಡಿಯೇಟರ್ ಬಾಯಿಗೆ ಬಗ್ಗಿ ಮೆಲ್ಲಗೆ ಹೇಳುತ್ತೇನೆ:

“ಸಾಬ್ರೇ, ಗಾಡಿ ಮೊದ್ಲು ನೋಡಿದ್ದು ನಾನು ಕಣ್ರೀ.”

ಒಳಗೆ ನೀರು ಒಂದು ಸಲ ಗುಳುಕ್ ಅನ್ನುತ್ತದೆ. ನಾನು ಮುಚ್ಚಳ ಬಿಗಿದು ಮನೆಗೆ ಬಂದುಬಿಡುತ್ತೇನೆ.