ಕಾಕಾನ ಕೆಟ್ಟ ಗಾಣ

ಇವತ್ತ ಮುಂಜಾನಿ ಹಿಪ್ಪರಗಿಯಿಂದ ಒಂದು ಬೆಲ್ಲದ ಪೆಂಟಿ ಬಂತು. ಅರಿವಿ ಬಿಚ್ಚೂದ ತಡ, ಅಡಗಿಮನಿ ಎಲ್ಲಾ ಘಮ್ ಅಂತು. ನನಗ ಮಾತ್ರ ಆ ವಾಸನಿಗೆ ದವಾಖಾನಿ ನೆನಪಾತು. ನಗಬ್ಯಾಡ್ರಿ, ಕಾರಣ ಐತಿ.

ಬೆಲ್ಲ ಕಳಿಸಿದವ ನಮ್ಮ ಕಾಕಾ, ಕಬ್ಬಿನ ಗಾಣದ ಮಾಲಕ. ಎರಡು ವರ್ಷದ ಹಿಂದ ಅವನ ಮಾರಿ ಬಿಳಚಿತು, ನಾಕು ಮೆಟ್ಟಲ ಹತ್ತಿದ್ರ ಏದುಸಿರು. ಬೆಳಗಾವ್ಯಾಗ ಎಲುಬಿನ ಮಜ್ಜೆ ತಪಾಸ ಮಾಡಿದ ಡಾಕ್ಟರು ‘ಮೈಲೋಡಿಸ್‌ಪ್ಲಾಸ್ಟಿಕ್ ಸಿಂಡ್ರೋಮ್’ ಅಂದ್ರು. ಜಡ್ಡು ಕಾಕಾಂದು, ಹೆಸರು ಹೇಳೂದ್ರಾಗ ದಮ್ಮು ಹತ್ತಿದ್ದು ನನಗ.

ಮಜ್ಜ್ಯಾಗ ಕಣ ಹುಟ್ಟತಾವ, ಆದ್ರ ಬಲತು ಛಲೋ ರಕ್ತ ಆಗೂದಿಲ್ಲ ಅನ್ನೂ ಡಾಕ್ಟರ ಮಾತು ನಾ ಕನ್ನಡಕ್ಕ ತಂದು ಕೆಡಿಸೂದ್ರೊಳಗ ಕಾಕಾನೇ ಅಂದ: “ತಿಳೀತ್ರಿ ಸಾಹೇಬ್ರ. ಕಬ್ಬು ರಗಡ ಐತಿ, ಗಾಣ ಕೆಟ್ಟೈತಿ. ರಿಪೇರಿಗೆ ಏನೈತಿ ಹೇಳ್ರಿ.”

ಮೊದಲು ವಾರಕ್ಕೊಂದು ಸೂಜಿ. ಅದಕ್ಕ ಜಗ್ಗದಿದ್ರ ತಿಂಗಳಿಗೊಂದು ವಾರ ಹೊಟ್ಟಿಗೆ ಬ್ಯಾರೆ ಸೂಜಿ. ನಡುವ ರಕ್ತದ ಬಾಟ್ಲಿ. ಆ ರಕ್ತದ ಕೂಡ ಮೈಯಾಗ ಕಬ್ಬಿಣ ಕೂಡತೈತಂತ, ಅದನ್ನ ತಗಿಯಾಕ ಗುಳಿಗಿ. “ಕಬ್ಬಿಣದ ಟಾನಿಕ್ ಮುಟ್ಟಬ್ಯಾಡ್ರಿ ಮತ್ತ,” ಅಂದ್ರು.

ಇದೆಲ್ಲಾ ಬಳಗಕ್ಕ ತಿಳೀಬೇಕಲ್ಲ! ‘ರಕ್ತ ಕಡಿಮ್ಯಾಗೈತಂತ’ ಅನ್ನೂದೊಂದ ಹಬ್ಬಿತು. ಮಾತಾಡಸಾಕ ಬರಾವ್ರು ಬರೇ ಕೈಲೆ ಬರತಾರೇನ್ರಿ? ಹುನ್ನೂರ ಅತ್ತಿ ಟಾನಿಕ್ ತಂದಳು, ಲೋಕಾಪುರದ ಬೀಗರು ಚೀಲಗಟ್ಟಲೆ ಬೀಟ್‌ರೂಟ್. ಗಾಣದ ಮಾಲಕಗ ಬೆಲ್ಲ ತಂದಾವ್ರೂ ಇದ್ರು! ಬ್ಯಾಡ ಅಂದ್ರ ಸಿಟ್ಟು. ಅದಕ್ಕ ಕಾಕಾ ಒಬ್ಬರು ತಂದಿದ್ದನ್ನ ಇನ್ನೊಬ್ಬರ ಚೀಲಕ್ಕ ದಾಟಸಾಕ ಸುರು ಮಾಡಿದ. ಒಂದಿನ ಅತ್ತಿ ಟಾನಿಕ್ ಬಳಗೆಲ್ಲಾ ತಿರುಗಿ ಅತ್ತಿ ಕೈಗೇ ಬಂತು.

“ಅಯ್ಯ, ಇದು ನಂದ ಶೀಸೆ!”

“ಹೌದಬೇ ಅಕ್ಕಾ. ಯಾರೂ ಕುಡಿದಿಲ್ಲ ನೋಡು, ಎಲ್ಲಾರ್ದೂ ರಕ್ತ ಛಲೋ ಐತಿ.”

ನಗಸತಿದ್ದ, ಖರೆ. ಆದ್ರ ಮೊದಲಿನ ಸೂಜಿಗೆ ಜಡ್ಡು ಜಗ್ಗಲಿಲ್ಲ. ಬಾಟ್ಲಿ ಹಚ್ಚಿಸಿಕೊಂತ ಮಲಗಿದಾಗ ಒಮ್ಮೆ ನನ್ನ ಕೇಳಿದ: “ಮುಂದಿನ ಹಂಗಾಮಕ್ಕ ಗಾಣದ ಮುಂದ ನಿಂದರತೇನೇನಲೇ?” ನಾ ಬಾಟ್ಲಿಯ ಹನಿ ಎಣಿಸಾಕ ಹತ್ತಿದೆ. ಹೊಟ್ಟಿ ಸೂಜಿ ಸುರುವಾತು. ತಿಂಗಳ ಮ್ಯಾಲ ತಿಂಗಳ ಏನೂ ಫರಕ ಇಲ್ಲ. ಅಂಜಿ ಸತ್ತಿದ್ದೆ ನಾನು. ಆಮ್ಯಾಲ ನಿಧಾನಕ ರಕ್ತದ ಬಾಟ್ಲಿ ದೂರ ದೂರ ಆದವು. ಕಡೀಕ ನಿಂತವು.

ಬೆಲ್ಲದ ಚೂರು ಬಾಯಾಗಿಟ್ಟು ಫೋನ್ ಹಚ್ಚಿದೆ. ಕಾಕಾನ ಹಿಂದ ಗಾಣದ ಗದ್ದಲ.

“ರಿಪೇರಿ ಆತೇನ ಕಾಕಾ?”

“ಸದ್ಯಕ ಹೊಂಟೈತಿ. ಸೂಜಿ ಬಿಡಂಗಿಲ್ಲಂತ. ಇರಲಿ ಬಿಡು, ಗಾಣಕ್ಕ ಎಣ್ಣಿ ಹಾಕೂದು ನಾ ಎಂದರ ಬಿಟ್ಟೇನೇನು? ಬೆಲ್ಲ ತಿನ್ನಲೇ. ನಾನ ಮುಂದ ನಿಂತು ತಗಿಸಿದ್ದು. ಅದನ್ನ ಮಾತ್ರ ಯಾರಿಗೂ ದಾಟಸಬ್ಯಾಡ.”

ಕಣ್ಣಾಗ ನೀರು ಬಂತ್ರಿ. ಕಾಕಾನ ಮಾತು ಮೀರಾವ ಅಲ್ಲ ನಾನು. ನಿಮಗೂ ಒಂದ ಚೂರೂ ಕೊಡಂಗಿಲ್ಲ.